ಎಲೆ ಉದುರಿದ ಮರದ ಜೀವಪರೀಕ್ಷೆ

ಎಲೆ ಉದುರಿದ ಮರದ ಜೀವಪರೀಕ್ಷೆ ಎಂದರೆ ಎಲೆಗಳಿಲ್ಲದೆ ಬೋಳಾಗಿ ನಿಂತಿರುವ ಮರವೊಂದು ಸತ್ತಿದೆಯೇ ಅಥವಾ ಸುಪ್ತಾವಸ್ಥೆಯಲ್ಲಿದೆಯೇ ಎಂಬುದನ್ನು ಕಂಡುಕೊಳ್ಳುವ ಕ್ರಮ. ತೋಟಗಾರಿಕೆ, ಅರಣ್ಯ ನಿರ್ವಹಣೆ ಮತ್ತು ನಗರಗಳ ಮರಗಳ ಪಾಲನೆಯಲ್ಲಿ ಈ ಪ್ರಶ್ನೆ ಪ್ರತಿ ವರ್ಷವೂ ಎದುರಾಗುತ್ತದೆ. ಸುತ್ತಲಿನ ಮರಗಳೆಲ್ಲ ಚಿಗುರಿದಾಗ ಒಂದು ಮರ ಮಾತ್ರ ಬೋಳಾಗಿ ಉಳಿದರೆ ಅದು ಸತ್ತಿದೆಯೆಂದು ಭಾವಿಸಿ ಕಡಿಯುವುದುಂಟು. ಇದಕ್ಕೆ ವಿರುದ್ಧವಾಗಿ, ನಿಜವಾಗಿಯೂ ಸತ್ತ ಮರವನ್ನು ಮುಂದೆ ಚಿಗುರೀತೆಂದು ಬಿಟ್ಟು, ಅದು ಗಾಳಿಗೆ ಮುರಿದು ಬಿದ್ದು ಪ್ರಾಣಹಾನಿಯಾಗುವುದೂ ಉಂಟು. ಎರಡೂ ಬಗೆಯ ತಪ್ಪನ್ನು ತಪ್ಪಿಸುವುದೇ ಈ ಪರೀಕ್ಷೆಯ ಉದ್ದೇಶ.

ಕನ್ನಡದಲ್ಲಿ ಒಣಗಿದ ಮರದ ತುಂಡಿಗೆ 'ಕೊರಡು' ಎಂದೂ ಚಿಗುರುವುದಕ್ಕೆ 'ಕೊನರು' ಎಂದೂ ಹೇಳುತ್ತಾರೆ. ಕೊರಡು ಕೊನರುವುದು ಎಂಬ ಕಲ್ಪನೆ ಅಸಾಧ್ಯವಾದುದು ಸಂಭವಿಸುವುದರ ಸಂಕೇತವಾಗಿ ವಚನ ಸಾಹಿತ್ಯದಲ್ಲಿಯೂ ಬಳಕೆಯಾಗಿದೆ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಪೂರ್ಣವಾಗಿ ಸತ್ತ ಮರ ಚಿಗುರುವುದಿಲ್ಲ. ಚಿಗುರಿದ ಮರದಲ್ಲಿ ಜೀವ ಎಲ್ಲೋ ಉಳಿದಿತ್ತು ಎಂದೇ ಅರ್ಥ.

ಸುಪ್ತಾವಸ್ಥೆಯ ಸ್ವರೂಪ

ಪ್ರತಿಕೂಲ ಋತುವಿನಲ್ಲಿ ಮರವು ತನ್ನ ಬೆಳವಣಿಗೆಯನ್ನು ನಿಲ್ಲಿಸಿ, ಉಸಿರಾಟ ಮೊದಲಾದ ಕ್ರಿಯೆಗಳನ್ನು ಕನಿಷ್ಠ ಮಟ್ಟಕ್ಕೆ ಇಳಿಸಿಕೊಳ್ಳುವ ಸ್ಥಿತಿಯೇ ಸುಪ್ತಾವಸ್ಥೆ. ಈ ಅವಧಿಯಲ್ಲಿ ಬೇರು, ಕಾಂಡ ಮತ್ತು ರೆಂಬೆಗಳಲ್ಲಿ ಪಿಷ್ಟದ ರೂಪದಲ್ಲಿ ಆಹಾರ ಸಂಗ್ರಹವಾಗಿರುತ್ತದೆ. ಮುಂದಿನ ಚಿಗುರು ಮೊಗ್ಗುಗಳೊಳಗೆ ಆಗಲೇ ರೂಪುಗೊಂಡಿರುತ್ತದೆ.

ಸಮಶೀತೋಷ್ಣ ವಲಯದಲ್ಲಿ ಸುಪ್ತಾವಸ್ಥೆಗೆ ಮುಖ್ಯ ಕಾರಣ ಚಳಿ. ಹಗಲು ಕಿರಿದಾಗುತ್ತಿದ್ದಂತೆ ಅಲ್ಲಿನ ಓಕ್, ಮೇಪಲ್, ಸೇಬು ಮುಂತಾದ ಮರಗಳು ಎಲೆ ಉದುರಿಸುತ್ತವೆ. ಇವುಗಳ ಮೊಗ್ಗುಗಳು ನಿರ್ದಿಷ್ಟ ಪ್ರಮಾಣದ ಚಳಿಯನ್ನು ಅನುಭವಿಸದೆ ತೆರೆಯುವುದಿಲ್ಲ. ಸೇಬಿನ ಅನೇಕ ತಳಿಗಳಿಗೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ನೂರಾರು ಗಂಟೆಗಳ ಕಾಲ ಬೇಕಾಗುತ್ತದೆ. ಹೀಗಾಗಿ ಚಳಿ ಸಾಲದ ವರ್ಷದಲ್ಲಿ ಆರೋಗ್ಯವಂತ ಮರವೂ ತಡವಾಗಿ, ಅಲ್ಲೊಂದು ಇಲ್ಲೊಂದು ಎಂಬಂತೆ ಚಿಗುರಬಹುದು.

ದಖ್ಖನ್ ಪ್ರಸ್ಥಭೂಮಿಯಂತಹ ಮಾನ್ಸೂನ್ ಪ್ರದೇಶಗಳಲ್ಲಿ ಕಾರಣ ಚಳಿಯಲ್ಲ, ನೀರಿನ ಕೊರತೆ. ಎಲೆಗಳ ಮೂಲಕ ನೀರು ಆವಿಯಾಗುವುದನ್ನು ತಡೆಯಲು ಮರಗಳು ಒಣ ಋತುವಿನಲ್ಲಿ ಎಲೆ ಕಳಚಿಕೊಳ್ಳುತ್ತವೆ. ಆದರೂ ಇಲ್ಲಿನ ಅನೇಕ ಮರಗಳು ಮಳೆ ಬರುವ ಮೊದಲೇ, ಬೇಸಗೆಯ ಉರಿಯಲ್ಲಿಯೇ ಚಿಗುರುತ್ತವೆ. ಕಾಂಡದಲ್ಲಿ ಉಳಿಸಿಕೊಂಡ ನೀರು, ಆಳದ ಬೇರುಗಳು ತಲುಪುವ ತೇವ ಹಾಗೂ ಹೆಚ್ಚುತ್ತಿರುವ ಹಗಲಿನ ಅವಧಿ ಇದಕ್ಕೆ ನೆರವಾಗುತ್ತವೆ.

ಎಲೆ ಉದುರುವುದು ಜೀವಂತ ಕ್ರಿಯೆ

ಎಲೆ ಉದುರುವುದನ್ನು ಸಾಮಾನ್ಯವಾಗಿ ಸಾವಿನ ಲಕ್ಷಣವೆಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಅದು ಮರವೇ ನಡೆಸುವ ಕ್ರಿಯೆ. ಎಲೆಯ ತೊಟ್ಟಿನ ಬುಡದಲ್ಲಿ ಬೇರ್ಪಡಿಕೆಯ ಪದರವೊಂದು ರೂಪುಗೊಂಡು, ಅಲ್ಲಿನ ಜೀವಕೋಶಗಳ ನಡುವಿನ ಅಂಟು ಸಡಿಲಗೊಂಡು ಎಲೆ ಕಳಚುತ್ತದೆ. ಕಳಚಿದ ಜಾಗದಲ್ಲಿ ಗಾಯ ಮುಚ್ಚುವ ಪದರ ಬೆಳೆಯುತ್ತದೆ. ಇದೆಲ್ಲಕ್ಕೂ ರೆಂಬೆಯಲ್ಲಿ ಜೀವವಿರಬೇಕು.

ಇದರಿಂದ ಉಪಯುಕ್ತವಾದ ಗುರುತೊಂದು ದೊರೆಯುತ್ತದೆ. ಬೆಂಕಿ, ಸಿಡಿಲು, ವಿಷ ಅಥವಾ ಬೇರುಗಳ ಹಠಾತ್ ನಾಶದಿಂದ ರೆಂಬೆ ಸತ್ತರೆ ಎಲೆ ಕಳಚುವಷ್ಟು ಕಾಲಾವಕಾಶ ಅದಕ್ಕಿರುವುದಿಲ್ಲ. ಒಣಗಿ ಕಂದಾದ ಎಲೆಗಳು ಬಹುಕಾಲ ರೆಂಬೆಗೇ ಅಂಟಿಕೊಂಡಿರುತ್ತವೆ. ಆದ್ದರಿಂದ ಎಲೆ ಉದುರಿಸುವ ಜಾತಿಯ ಮರವು ಸ್ವಚ್ಛವಾಗಿ ಬೋಳಾಗಿದ್ದರೆ ಆಶೆಗೆ ಅವಕಾಶವಿದೆ. ಒಣ ಎಲೆಗಳನ್ನು ಹೊತ್ತು ನಿಂತಿದ್ದರೆ ಸಂಶಯಪಡಬೇಕು. ಈ ನಿಯಮಕ್ಕೆ ಅಪವಾದಗಳೂ ಇವೆ. ಓಕ್ ಮತ್ತು ಬೀಚ್ ಜಾತಿಯ ಎಳೆಯ ಮರಗಳು ಆರೋಗ್ಯವಾಗಿದ್ದರೂ ಒಣ ಎಲೆಗಳನ್ನು ಚಳಿಗಾಲವಿಡೀ ಉಳಿಸಿಕೊಳ್ಳುತ್ತವೆ.

ಕರ್ನಾಟಕದ ಮರಗಳ ಬೋಳು ಅವಧಿ

ಮರದ ಜಾತಿಯನ್ನು ತಿಳಿಯುವುದು ಪರೀಕ್ಷೆಯ ಮೊದಲ ಹೆಜ್ಜೆ. ಬಂಡೀಪುರ, ನಾಗರಹೊಳೆ ಮತ್ತು ಭದ್ರಾ ಅರಣ್ಯಗಳಲ್ಲಿ ಎಲೆ ಉದುರಿಸುವ ಮರಗಳೇ ಹೆಚ್ಚು. ಮಳೆ, ಮಣ್ಣು ಮತ್ತು ತೇವಕ್ಕನುಸಾರ ಅವಧಿ ವ್ಯತ್ಯಾಸವಾಗುವುದಾದರೂ ಸಾಮಾನ್ಯ ಕ್ರಮ ಹೀಗಿದೆ:

• ಬೂರುಗ: ಡಿಸೆಂಬರ್ ವೇಳೆಗೆ ಎಲೆ ಉದುರಿಸಿ, ಜನವರಿಯಿಂದ ಮಾರ್ಚ್‌ವರೆಗೆ ಬೋಳು ರೆಂಬೆಗಳಲ್ಲಿ ದೊಡ್ಡ ಕೆಂಪು ಹೂಗಳನ್ನು ಬಿಡುತ್ತದೆ. ಎಲೆ ಬರುವುದು ಹೂವಿನ ನಂತರ.
• ಮುತ್ತುಗ: ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಎಲೆಯಿಲ್ಲದೆ ಕಿತ್ತಳೆಗೆಂಪು ಹೂಗಳಿಂದ ತುಂಬುತ್ತದೆ, ಹೂವಿನ ನಂತರ ಚಿಗುರುತ್ತದೆ.
• ಹಿಪ್ಪೆ: ಬೇಸಗೆಯ ಆರಂಭದಲ್ಲಿ ಎಲೆ ಉದುರಿಸಿ ಹೂ ಬಿಟ್ಟು, ನಂತರ ತಾಮ್ರವರ್ಣದ ಚಿಗುರು ತಳೆಯುತ್ತದೆ.
• ತೇಗ: ಒಣ ಪ್ರದೇಶಗಳಲ್ಲಿ ಹಲವು ತಿಂಗಳು ಬೋಳಾಗಿರುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಯಾವಾಗ ಬೇಕಾದರೂ ಚಿಗುರಬಹುದು.
• ಕಕ್ಕೆ ಮತ್ತು ಗುಲ್‌ಮೊಹರ್: ಬೇಸಗೆಯಲ್ಲಿ ಬೋಳಾಗಿ, ಏಪ್ರಿಲ್–ಮೇ ವೇಳೆಗೆ ಹೂವಿನೊಂದಿಗೆ ಚಿಗುರುತ್ತವೆ.
• ಅರಳಿ: ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ ಎಲೆ ಉದುರಿಸಿ ಸ್ವಲ್ಪ ಕಾಲದಲ್ಲಿಯೇ ಕೆಂದಳಿರು ತಳೆಯುತ್ತದೆ.
• ಬೇವು: ಒಣ ಪ್ರದೇಶಗಳಲ್ಲಿ ಕೆಲಕಾಲ ಎಲೆ ಕಳೆದುಕೊಂಡು, ಯುಗಾದಿಯ ಆಸುಪಾಸಿನಲ್ಲಿ ಹೊಸ ಎಲೆ ಮತ್ತು ಹೂ ಬಿಡುತ್ತದೆ.
• ದೇವಕಣಗಿಲೆ: ಚಳಿಗಾಲದಿಂದ ಬೇಸಗೆಯವರೆಗೆ ದಪ್ಪ ಬೋಳು ರೆಂಬೆಗಳಷ್ಟೇ ಉಳಿಯುತ್ತವೆ.
• ಬಾವೋಬಾಬ್: ಕನ್ನಡದಲ್ಲಿ ದೊಡ್ಡಹುಣಸೆ ಎಂದು ಕರೆಯಲಾಗುವ ಈ ಮರದ ಪ್ರಸಿದ್ಧ ಉದಾಹರಣೆಗಳು ಹಾವೇರಿ ಜಿಲ್ಲೆಯ ಸವಣೂರಿನಲ್ಲಿವೆ. ಒಣ ಋತುವಿನಲ್ಲಿ ಇದು ತಿಂಗಳುಗಟ್ಟಲೆ ಎಲೆಯಿಲ್ಲದೆ ನಿಲ್ಲುತ್ತದೆ. ಇದರ ತೊಗಟೆಯ ಅಡಿಯಲ್ಲಿರುವ ಹಸಿರು ಪದರ ಆ ಕಾಲದಲ್ಲಿಯೂ ದ್ಯುತಿಸಂಶ್ಲೇಷಣೆ ನಡೆಸಬಲ್ಲದು.

ಮಾವು, ಹಲಸು, ನೇರಳೆ ಮುಂತಾದವು ನಿತ್ಯಹರಿದ್ವರ್ಣದ ಮರಗಳು. ಇವು ಹಳೆಯ ಎಲೆಗಳನ್ನು ಒಮ್ಮೆಲೇ ಕಳೆದುಕೊಳ್ಳುವುದಿಲ್ಲ. ಇಂತಹ ಮರ ಪೂರ್ಣ ಬೋಳಾದರೆ ಅದನ್ನು ಸುಪ್ತಾವಸ್ಥೆಯೆಂದು ಕಡೆಗಣಿಸುವಂತಿಲ್ಲ.

ಸಮಶೀತೋಷ್ಣ ವಲಯದಲ್ಲಿಯೂ ಎಲ್ಲ ಮರಗಳು ಒಟ್ಟಿಗೆ ಚಿಗುರುವುದಿಲ್ಲ. ಓಕ್ ಮತ್ತು ಆ್ಯಷ್ ಮರಗಳಲ್ಲಿ ನೀರು ಸಾಗಿಸುವ ಅಗಲವಾದ ನಾಳಗಳು ಚಳಿಗಾಲದಲ್ಲಿ ಗಾಳಿಯ ಗುಳ್ಳೆಗಳಿಂದ ನಿರುಪಯುಕ್ತವಾಗುತ್ತವೆ. ವಸಂತದಲ್ಲಿ ಹೊಸ ನಾಳಗಳನ್ನು ನಿರ್ಮಿಸಿಕೊಳ್ಳಬೇಕಾದುದರಿಂದ ಅವು ಬರ್ಚ್, ಮೇಪಲ್‌ಗಳಿಗಿಂತ ತಡವಾಗಿ ಎಲೆ ಬಿಡುತ್ತವೆ.

ಪರೀಕ್ಷಾ ವಿಧಾನಗಳು

ಯಾವುದೇ ಒಂದು ಪರೀಕ್ಷೆಯಿಂದ ನಿರ್ಣಯಕ್ಕೆ ಬರುವುದು ಸರಿಯಲ್ಲ. ಈ ಕೆಳಗಿನವುಗಳನ್ನು ಒಟ್ಟಾಗಿ ಪರಿಗಣಿಸಬೇಕು.

ಮೊಗ್ಗಿನ ಪರೀಕ್ಷೆ

ರೆಂಬೆಯ ತುದಿಯಲ್ಲಿಯೂ ಎಲೆ ಉದುರಿದ ಗುರುತುಗಳ ಮೇಲ್ಭಾಗದಲ್ಲಿಯೂ ಮೊಗ್ಗುಗಳಿರುತ್ತವೆ. ಜೀವಂತ ಮೊಗ್ಗು ಗಟ್ಟಿಯಾಗಿ, ತುಂಬಿಕೊಂಡಂತೆ ಇರುತ್ತದೆ. ಉದ್ದಕ್ಕೆ ಸೀಳಿದರೆ ಒಳಗೆ ಹಸಿರು ಅಥವಾ ಬೆಳ್ಳನೆಯ ತೇವಭರಿತ ತಿರುಳು ಕಾಣುತ್ತದೆ. ಸತ್ತ ಮೊಗ್ಗು ಸೊರಗಿರುತ್ತದೆ, ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತದೆ.

ಬಾಗಿಸುವ ಪರೀಕ್ಷೆ

ಸೀಸದ ಕಡ್ಡಿಗಿಂತ ತೆಳ್ಳಗಿನ ಟಿಸಿಲನ್ನು ನಿಧಾನವಾಗಿ ಬಾಗಿಸಬೇಕು. ಜೀವವಿರುವ ಟಿಸಿಲು ಬಳುಕುತ್ತದೆ. ಮುರಿದರೂ ನಾರು ಹಿಡಿದುಕೊಂಡು ತೇವವಾಗಿ ಸೀಳುತ್ತದೆ. ಸತ್ತದ್ದು ಚಟ್ಟನೆ ಮುರಿಯುತ್ತದೆ. ತುದಿಯ ಟಿಸಿಲುಗಳು ಮುರಿದರೆ ಅಲ್ಲಿಗೆ ನಿಲ್ಲಿಸದೆ ಒಳಭಾಗದ ರೆಂಬೆಗಳನ್ನೂ ಪರೀಕ್ಷಿಸಬೇಕು. ಆರೋಗ್ಯವಂತ ಮರದಲ್ಲಿಯೂ ಕೆಲವು ಒಣ ಟಿಸಿಲುಗಳಿರುತ್ತವೆ.

ತೊಗಟೆ ಕೆರೆಯುವ ಪರೀಕ್ಷೆ

ಇದು ಹೆಚ್ಚು ಬಳಕೆಯಲ್ಲಿರುವ ವಿಧಾನ. ಎಳೆಯ ರೆಂಬೆಯ ಹೊರತೊಗಟೆಯನ್ನು ಉಗುರಿನಿಂದ ಅಥವಾ ಶುಚಿಯಾದ ಚಾಕುವಿನಿಂದ ಸುಮಾರು 1 ಸೆಂಟಿಮೀಟರ್ ಉದ್ದ ಮಾತ್ರ ಮೆಲ್ಲಗೆ ಕೆರೆಯಲಾಗುತ್ತದೆ. ಅಡಿಯಲ್ಲಿ ಹಸಿರು ಮತ್ತು ತೇವ ಕಂಡರೆ ಆ ಭಾಗ ಜೀವಂತವಾಗಿದೆ. ಕಂದು ಬಣ್ಣದ ಒಣ ಪದರ ಕಂಡರೆ ಸತ್ತಿದೆ. ತುದಿಯಿಂದ ಆರಂಭಿಸಿ ರೆಂಬೆಯ ಬುಡದ ಕಡೆಗೂ, ಅಲ್ಲಿಂದ ಮುಖ್ಯ ಕಾಂಡದ ಕಡೆಗೂ ಸಾಗಿ, ಜೀವ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಕಂಡುಕೊಳ್ಳಬೇಕು.

ಕಾಣುವ ಹಸಿರು ಬಣ್ಣ ತೊಗಟೆಯ ಒಳಪದರದ ಪತ್ರಹರಿತ್ತಿನದು. ಹೊಸ ಕೋಶಗಳನ್ನು ಉತ್ಪಾದಿಸುವ ಕ್ಯಾಂಬಿಯಂ ಪದರ ಅದಕ್ಕಿಂತ ಒಳಗಿದ್ದು, ಬರಿಗಣ್ಣಿಗೆ ಪ್ರತ್ಯೇಕವಾಗಿ ಕಾಣದಷ್ಟು ತೆಳುವಾಗಿರುತ್ತದೆ. ವಯಸ್ಸಾದ ಕಾಂಡಗಳಲ್ಲಿ ದಪ್ಪ ತೊಗಟೆಯ ಅಡಿಗೆ ಬೆಳಕು ತಲುಪದ ಕಾರಣ ಹಸಿರು ಇಲ್ಲದಿರಬಹುದು. ಒಳತೊಗಟೆ ಬಿಳಿ, ಹಳದಿ ಅಥವಾ ಕೆಂಪಾಗಿರಬಹುದು. ಅಲ್ಲಿ ಗಮನಿಸಬೇಕಾದುದು ಬಣ್ಣಕ್ಕಿಂತ ತೇವವನ್ನು. ಅರಳಿ, ಆಲ, ಅತ್ತಿ, ದೇವಕಣಗಿಲೆಗಳಲ್ಲಿ ಹಾಲು ಒಸರುವುದೂ, ಹೊನ್ನೆಯಲ್ಲಿ ಕೆಂಪು ರಸ ಒಸರುವುದೂ ಜೀವದ ಗುರುತು.

ಒಂದೇ ಸ್ಥಳದಲ್ಲಿ ಹಲವು ಬಾರಿ ಕೆರೆಯುವುದು ಅಥವಾ ಕಾಂಡದ ಸುತ್ತ ತೊಗಟೆ ಸುಲಿಯುವುದು ಅಪಾಯಕಾರಿ. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕ. ತೊಗಟೆಯನ್ನು ಉಂಗುರಾಕಾರದಲ್ಲಿ ತೆಗೆದರೆ ಜೀವಂತ ಮರವೂ ಕ್ರಮೇಣ ಸಾಯುತ್ತದೆ.

ಬುಡ ಮತ್ತು ಬೇರಿನ ಪರೀಕ್ಷೆ

ರೆಂಬೆಗಳು ಒಣಗಿದ್ದರೂ ಬುಡ ಜೀವಂತವಾಗಿರಬಹುದು. ಕಾಂಡದಿಂದ ಸ್ವಲ್ಪ ದೂರದಲ್ಲಿ ಮಣ್ಣನ್ನು ಎಚ್ಚರದಿಂದ ಸರಿಸಿ ಸಣ್ಣ ಬೇರುಗಳನ್ನು ನೋಡಬೇಕು. ಜೀವಂತ ಬೇರು ಬಳುಕುತ್ತದೆ, ಅದರ ಒಳಭಾಗ ಬೆಳ್ಳಗಿರುತ್ತದೆ. ಸತ್ತ ಬೇರು ಕಪ್ಪಾಗಿ ಪೆಡಸಾಗಿರುತ್ತದೆ, ಇಲ್ಲವೇ ಕೊಳೆತು ಅದರ ಹೊರಸಿಪ್ಪೆ ಕೈಗೆ ಸುಲಭವಾಗಿ ಕಳಚಿ ಬರುತ್ತದೆ. ಬುಡದಲ್ಲಿ ತೊಗಟೆ ಸಡಿಲಗೊಂಡು ಹಲಗೆಯಂತೆ ಕಳಚುವುದು, ತಟ್ಟಿದರೆ ಪೊಳ್ಳು ಸದ್ದು ಬರುವುದು ಮತ್ತು ಬೇರಿನ ಬಳಿ ಅಣಬೆಗಳು ಮೂಡುವುದು ಗಂಭೀರ ಲಕ್ಷಣಗಳು. ಆದರೆ ಪೊಳ್ಳುತನವೊಂದೇ ಸಾವಿನ ಗುರುತಲ್ಲ. ಮರದ ತಿರುಳುಭಾಗ ಸಹಜವಾಗಿಯೇ ನಿರ್ಜೀವವಾದುದು. ಹೊರವಲಯ ಜೀವಂತವಾಗಿದ್ದರೆ ಪೊಳ್ಳು ಮರವೂ ಬಹುಕಾಲ ಬದುಕುತ್ತದೆ.

ದಾರಿ ತಪ್ಪಿಸುವ ಗುರುತುಗಳು

ಬಂದಣಿಕೆ: ಬೋಳು ಮರದ ಮೇಲೆ ಕಾಣುವ ಹಸಿರು ಗುಂಪು ಅನೇಕ ವೇಳೆ ಮರದ ಎಲೆಯಲ್ಲ, ಬಂದಣಿಕೆ. ಇದು ಆಶ್ರಯ ನೀಡಿದ ಮರದಿಂದ ನೀರು ಹೀರುವ ಅರೆಪರಾವಲಂಬಿ ಸಸ್ಯ. ತಾಜಾ ಬಂದಣಿಕೆ ಇರುವ ರೆಂಬೆಯಲ್ಲಿ ಇನ್ನೂ ನೀರು ಹರಿಯುತ್ತಿದೆ ಎಂದು ಊಹಿಸಬಹುದು, ಏಕೆಂದರೆ ರೆಂಬೆ ಸತ್ತರೆ ಅದೂ ಒಣಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಬಳ್ಳಿಗಳು, ಸೀತಾಳೆಯಂತಹ ಅಪ್ಪುಸಸ್ಯಗಳು ಮತ್ತು ಮರದ ಮೇಲೆ ಹುಟ್ಟಿ ನೆಲಕ್ಕೆ ಬೇರಿಳಿಸಿದ ಆಲ, ಅರಳಿಗಳು ಸತ್ತ ಮರದ ಮೇಲೂ ಹಸಿರಾಗಿರಬಲ್ಲವು.

ಗೆದ್ದಲು: ಕಾಂಡದ ಮೇಲೆ ಗೆದ್ದಲಿನ ಮಣ್ಣಿನ ಹೊದಿಕೆ ಕಂಡಮಾತ್ರಕ್ಕೆ ಮರ ಸತ್ತಿದೆಯೆಂದಲ್ಲ. ಅನೇಕ ವೇಳೆ ಗೆದ್ದಲು ತಿನ್ನುವುದು ನಿರ್ಜೀವವಾದ ಹೊರತೊಗಟೆಯನ್ನು ಮಾತ್ರ.

ಹುಸಿ ಚಿಗುರು: ಕಡಿದ ನುಗ್ಗೆ, ಹಾಲುವಾಣ ಅಥವಾ ಗ್ಲಿರಿಸಿಡಿಯ ಗೂಟಗಳು ಬೇರಿಲ್ಲದೆಯೂ ಚಿಗುರುವುದನ್ನು ರೈತರು ಬಲ್ಲರು. ಇದು ಸಂಗ್ರಹಿತ ಆಹಾರದಿಂದ ಬಂದ ಚಿಗುರು. ಮುಂದೆ ಬೇರು ಮೂಡಿದರಷ್ಟೇ ಗೂಟ ಬದುಕುತ್ತದೆ. ಬೇರುಸಹಿತ ಕಿತ್ತು ಬೇರೆಡೆ ನೆಟ್ಟ ದೊಡ್ಡ ಮರಗಳಲ್ಲಿಯೂ ಹೀಗೆಯೇ ಮೊದಲ ಚಿಗುರು ಬಂದು ಕೆಲವು ವಾರಗಳಲ್ಲಿ ಬಾಡಬಹುದು. ಆದ್ದರಿಂದ ಸ್ಥಳಾಂತರಿಸಿದ ಮರ ಬದುಕಿತೆಂದು ಹೇಳಲು ಮೊದಲ ಎಲೆಗಳು ಸಾಲವು. ಅದು ಒಂದು ಪೂರ್ಣ ಬೇಸಗೆಯನ್ನು ದಾಟಬೇಕು. ತೊಗಟೆಯ ಅಡಿಯ ಹಸಿರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ: ಕಡಿದ ರೆಂಬೆಯಲ್ಲಿಯೂ ಆ ಹಸಿರು ಕೆಲಕಾಲ ಉಳಿದಿರುತ್ತದೆ.

ಬೇವಿನ ತುದಿ ಒಣಗುವಿಕೆ: ಫೋಮಾಪ್ಸಿಸ್ ಅಜಡಿರಾಕ್ಟೆ ಎಂಬ ಶಿಲೀಂಧ್ರದಿಂದ ಬೇವಿನ ಎಳೆಯ ಟಿಸಿಲುಗಳು ತುದಿಯಿಂದ ಒಣಗುತ್ತವೆ. ಮಳೆಗಾಲದ ನಂತರ ಇಡೀ ಮರ ಸುಟ್ಟಂತೆ ಕಾಣಬಹುದು. ಬುಡದ ಕಡೆಯ ರೆಂಬೆಗಳಲ್ಲಿ ಜೀವವಿದ್ದು, ಮುಂದಿನ ಋತುವಿನಲ್ಲಿ ಅನೇಕ ಮರಗಳು ಮತ್ತೆ ಚಿಗುರುತ್ತವೆ. ಇಂತಹ ಮರಗಳನ್ನು ಆತುರದಿಂದ ಕಡಿಯಬಾರದು.

ಭಾಗಶಃ ಸಾವು

ಪ್ರಾಣಿಗಳಂತೆ ಮರ ಒಂದೇ ಕ್ಷಣದಲ್ಲಿ ಸಾಯುವುದಿಲ್ಲ. ಅದರ ಒಂದು ಭಾಗ ಸತ್ತು ಉಳಿದ ಭಾಗ ದಶಕಗಳ ಕಾಲ ಬದುಕಬಹುದು. ಹೌರಾದ ಆಚಾರ್ಯ ಜಗದೀಶ್ ಚಂದ್ರ ಬೋಸ್ ಭಾರತೀಯ ಸಸ್ಯೋದ್ಯಾನದ ಮಹಾ ಆಲದ ಮರ ಇದಕ್ಕೆ ಪ್ರಸಿದ್ಧ ಉದಾಹರಣೆ. ಶಿಲೀಂಧ್ರದಿಂದ ಹಾಳಾದ ಅದರ ಮುಖ್ಯ ಕಾಂಡವನ್ನು 1925ರಲ್ಲಿ ತೆಗೆದುಹಾಕಲಾಯಿತು. ಬಿಳಲುಗಳ ಆಧಾರದಲ್ಲಿ ಮರ ಇಂದಿಗೂ ಬೆಳೆಯುತ್ತಿದೆ. ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯ ದೊಡ್ಡ ಆಲದ ಮರವೂ ಮುಖ್ಯ ಕಾಂಡವನ್ನು ಕಳೆದುಕೊಂಡು ಬಿಳಲುಗಳ ಮೇಲೆಯೇ ನಿಂತಿದೆ.

ಕಸಿ ಮಾಡಿದ ಹಣ್ಣಿನ ಗಿಡಗಳಲ್ಲಿ ಬೇರೊಂದು ಸಮಸ್ಯೆಯಿದೆ. ಕಸಿ ಬಿಂದುವಿನ ಕೆಳಗಿನಿಂದ ಮಾತ್ರ ಚಿಗುರು ಬಂದರೆ ಬದುಕಿರುವುದು ಬೇರುಗಿಡ. ಬಯಸಿದ ತಳಿ ಸತ್ತಿದೆ. ಅಂತಹ ಗಿಡ ಜೀವಂತವಾಗಿದ್ದರೂ ನಿರೀಕ್ಷಿತ ಹಣ್ಣು ಕೊಡುವುದಿಲ್ಲ.

ಪರೀಕ್ಷೆ ಅನ್ವಯಿಸದ ಸಸ್ಯಗಳು

ತೆಂಗು, ಅಡಿಕೆ ಮುಂತಾದ ತಾಳೆ ಕುಟುಂಬದ ಮರಗಳಲ್ಲಿ ಕ್ಯಾಂಬಿಯಂ ಇಲ್ಲದಿರುವುದರಿಂದ ತೊಗಟೆ ಕೆರೆಯುವ ಪರೀಕ್ಷೆಗೆ ಅರ್ಥವಿಲ್ಲ. ಇವುಗಳ ಬೆಳವಣಿಗೆಯೆಲ್ಲ ತುದಿಯ ಒಂದೇ ಮೊಗ್ಗಿನಲ್ಲಿ ಕೇಂದ್ರೀಕೃತವಾಗಿರುತ್ತದೆ. ಸುಳಿ ಕೊಳೆ ರೋಗದಲ್ಲಿ ಸುಳಿಯ ಎಲೆ ಬಾಡಿ, ಎಳೆದರೆ ಕೊಳೆತ ಬುಡದೊಂದಿಗೆ ಕಿತ್ತುಬರುತ್ತದೆ. ಆರಂಭದಲ್ಲಿಯೇ ಕೊಳೆತ ಭಾಗವನ್ನು ಕತ್ತರಿಸಿ ಬೋರ್ಡೋ ಮುಲಾಮು ಹಚ್ಚಿದರೆ ಮರ ಉಳಿಯಬಹುದು. ಬೆಳೆಯುವ ಮೊಗ್ಗು ಸತ್ತರೆ, ಕೆಳಗಿನ ಗರಿಗಳು ತಿಂಗಳುಗಟ್ಟಲೆ ಹಸಿರಾಗಿದ್ದರೂ ಮರ ಉಳಿಯುವುದಿಲ್ಲ. ಎಲೆ ಉದುರಿಸುವ ಮರ ಸತ್ತಂತೆ ಕಂಡು ಬದುಕಿರುತ್ತದೆ. ತೆಂಗು ಬದುಕಿದಂತೆ ಕಂಡು ಸತ್ತಿರುತ್ತದೆ.

ಬಿದಿರಿನ ಅನೇಕ ಜಾತಿಗಳು ಮತ್ತು ಶ್ರೀತಾಳೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು, ಬೀಜವಾದ ನಂತರ ಸಾಯುತ್ತವೆ. ಹೂ ಬಿಟ್ಟ ಬಳಿಕ ಒಣಗಿದ ಇವು ಮತ್ತೆ ಚಿಗುರುವವೆಂದು ಕಾಯುವುದು ವ್ಯರ್ಥ.

ಕಾಯಬೇಕಾದ ಅವಧಿ ಮತ್ತು ಆರೈಕೆ

ಅನುಮಾನವಿದ್ದಲ್ಲಿ ಕಾಯುವುದೇ ಖಚಿತವಾದ ಪರೀಕ್ಷೆ. ಕರ್ನಾಟಕದ ಬಯಲುಸೀಮೆಯಲ್ಲಿ ಮುಂಗಾರು ಪೂರ್ವ ಮಳೆಗಳಾಗಿ, ಮುಂಗಾರು ನೆಲೆಗೊಂಡು, ಅದೇ ಜಾತಿಯ ನೆರೆಯ ಮರಗಳು ಪೂರ್ಣ ಎಲೆ ತಳೆಯುವವರೆಗೆ, ಅಂದರೆ ಜುಲೈವರೆಗಾದರೂ ಕಾಯುವುದು ಉಚಿತ. ಚಳಿ ಪ್ರದೇಶಗಳಲ್ಲಿ ಬೇಸಗೆಯ ಮಧ್ಯದವರೆಗೆ ಕಾಯಬೇಕು. ಬೆಂಕಿ ಅಥವಾ ಬರಕ್ಕೆ ಸಿಕ್ಕ ಮರಗಳಿಗೆ ಇನ್ನೊಂದು ವರ್ಷದ ಅವಕಾಶ ಬೇಕಾಗಬಹುದು.

ಈ ಅವಧಿಯಲ್ಲಿ ಅತಿಯಾದ ಆರೈಕೆಯೂ ಹಾನಿಕರ. ಎಲೆಯಿಲ್ಲದ ಮರ ಬಳಸುವ ನೀರು ಅಲ್ಪ. ದಿನವೂ ನೀರು ನಿಲ್ಲಿಸಿದರೆ ಗಾಳಿಯಾಡದೆ ಬೇರು ಕೊಳೆಯುತ್ತದೆ. ಕುಂಡದಲ್ಲಿ ಬೆಳೆಸಿದ ದೇವಕಣಗಿಲೆ ಹೀಗೆ ಸಾಯುವುದು ಸಾಮಾನ್ಯ. ಗೊಬ್ಬರ ಹಾಕುವುದನ್ನು ಚಿಗುರು ಬರುವವರೆಗೆ ತಡೆಹಿಡಿದು, ಬುಡಕ್ಕೆ ತಾಗದಂತೆ ಒಣ ಎಲೆಗಳ ಹೊದಿಕೆ ಹಾಕಿ ಮಿತವಾದ ತೇವ ಕಾಪಾಡಿದರೆ ಸಾಕು.

ಸುರಕ್ಷತೆ ಮತ್ತು ಕಾನೂನು

ಕರ್ನಾಟಕದಲ್ಲಿ ಮರಗಳು ಬೋಳಾಗಿರುವ ಏಪ್ರಿಲ್–ಮೇ ತಿಂಗಳುಗಳೇ ಮುಂಗಾರು ಪೂರ್ವದ ಬಿರುಗಾಳಿಯ ಕಾಲವೂ ಆಗಿವೆ. ಹೀಗಾಗಿ ಸತ್ತ ಮರವನ್ನು ಗುರುತಿಸುವುದು ಅತ್ಯಂತ ಕಷ್ಟವಾದ ಸಮಯದಲ್ಲಿಯೇ ಅದರ ಅಪಾಯವೂ ಹೆಚ್ಚು. ರಸ್ತೆ, ಶಾಲೆ ಅಥವಾ ಮನೆಗಳ ಮೇಲೆ ಬಾಗಿದ ಮರವಾದರೆ, ಇಡೀ ಮರದ ಬಗ್ಗೆ ನಿರ್ಣಯ ಆಗುವ ಮುನ್ನವೇ ಸತ್ತಿರುವುದು ಖಚಿತವಾದ ರೆಂಬೆಗಳನ್ನು ತೆಗೆಸುವುದು ಮಧ್ಯಮ ಮಾರ್ಗ.

1976ರ ಕರ್ನಾಟಕ ಮರಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ, ವಿನಾಯಿತಿ ಪಡೆದ ಜಾತಿಗಳನ್ನು ಹೊರತುಪಡಿಸಿ, ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು. ಅನುಮತಿಗೆ ಪರಿಗಣಿಸಲಾಗುವ ಕಾರಣಗಳಲ್ಲಿ ಮರ ಸತ್ತಿರುವುದು ಅಥವಾ ರೋಗಗ್ರಸ್ತವಾಗಿರುವುದು ಸಹ ಸೇರಿದೆ. ಆದುದರಿಂದ 'ಒಣಮರ' ಎಂಬ ವರ್ಣನೆಗೆ ಕಾನೂನಿನ ಪರಿಣಾಮವಿದೆ. ಬೇಸಗೆಯಲ್ಲಿ ಬೋಳಾಗಿರುವ ತೇಗ ಅಥವಾ ಗುಲ್‌ಮೊಹರ್ ಮರಕ್ಕೆ ಪರೀಕ್ಷೆಯಿಲ್ಲದೆ ಆ ವರ್ಣನೆ ಸಲ್ಲದು.

ಜನವಸತಿಯಿಂದ ದೂರವಿರುವ ಸತ್ತ ಮರವನ್ನು ತೆಗೆಯಲೇಬೇಕೆಂದಿಲ್ಲ. ಮರಕುಟಿಗ ಮತ್ತು ಕುಟ್ರುಹಕ್ಕಿಗಳು ಅದರಲ್ಲಿ ಪೊಟರೆ ಕೊರೆಯುತ್ತವೆ; ಗಿಳಿ, ಮೈನಾ ಮತ್ತು ಹಾಲಕ್ಕಿಗಳು ಪೊಟರೆಗಳಲ್ಲಿ ನೆಲೆಸುತ್ತವೆ.

ಗಮನಾರ್ಹ ಉದಾಹರಣೆಗಳು

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬ್ ಬಿದ್ದಾಗ, ಸ್ಫೋಟ ಕೇಂದ್ರದಿಂದ ಸುಮಾರು 1.3 ಕಿಲೋಮೀಟರ್ ದೂರದ ಸರ್ಕಾರಿ ಕಟ್ಟಡವೊಂದರ ಅಂಗಳದಲ್ಲಿದ್ದ ಅವೊಗಿರಿ ಮರಗಳು ಒಂದು ಪಕ್ಕ ಸುಟ್ಟುಹೋದವು. ಸತ್ತವೆಂದೇ ತೋರಿದ ಅವು ಮರುವರ್ಷದ ವಸಂತದಲ್ಲಿ ಚಿಗುರಿದವು. 1973ರಲ್ಲಿ ಅವುಗಳನ್ನು ಶಾಂತಿ ಸ್ಮಾರಕ ಉದ್ಯಾನಕ್ಕೆ ಸ್ಥಳಾಂತರಿಸಲಾಯಿತು.

ನ್ಯೂಯಾರ್ಕ್‌ನ ವಿಶ್ವ ವಾಣಿಜ್ಯ ಕೇಂದ್ರದ ಅವಶೇಷಗಳಡಿ 2001ರ ಅಕ್ಟೋಬರ್‌ನಲ್ಲಿ ಕ್ಯಾಲರಿ ಪೇರ್ ಮರವೊಂದು ಸುಟ್ಟು, ಮುರಿದ ರೆಂಬೆಗಳು ಮತ್ತು ತುಂಡಾದ ಬೇರುಗಳೊಂದಿಗೆ ದೊರೆಯಿತು. ಅದನ್ನು ಸಸ್ಯಕ್ಷೇತ್ರವೊಂದಕ್ಕೆ ಒಯ್ದು ಆರೈಕೆ ಮಾಡಲಾಯಿತು. 2002ರ ವಸಂತದಲ್ಲಿ ಹೊಸ ಎಲೆಗಳು ಮೂಡಿದವು. 2010ರ ಡಿಸೆಂಬರ್‌ನಲ್ಲಿ ಮರವನ್ನು ಮೂಲಸ್ಥಳದ ಸ್ಮಾರಕಕ್ಕೆ ತಂದು ನೆಡಲಾಯಿತು. 'ಬದುಕುಳಿದ ಮರ' ಎಂಬ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಹಿರೋಶಿಮಾದ ಮರಗಳಲ್ಲಿಯೂ ಇದರಲ್ಲಿಯೂ ಜೀವ ಉಳಿದಿತ್ತೆಂಬುದು ಎಲ್ಲರಿಗೂ ಕಂಡದ್ದು ಮುಂದಿನ ವಸಂತದಲ್ಲಿ.